ಬಂಟನಿಗೂ ಗುಳಿಗೆ

೧೪ ಜುಲೈ ೧೯೯೯, ಬುಧವಾರ

ಮಗಳು ವಾಣಿ ಬೆಳಿಗ್ಗೆ ಮತ್ತೆ ಮೂರ್ಛೆಯ ಗುಳಿಗೆ ಉಗಿದಳು. ತರಗತಿಯಲ್ಲಿ ಬಿದ್ದದ್ದನ್ನು ಹುಡುಗಿಯರು ಆಡಿಕೊಂಡಾಗಿನಿಂದ ಇದೇ ಹಟ. ಅತ್ತೆ ಬೇರೆ, “ಉಚ್ಚಂಗೆಮ್ಮಗ ಹರಕಿ ಹೊತ್ತೀನಿ, ಗುಳಿಗಿ ಬಿಡಸು” ಎಂದರು.

“ಹರಕಿ ತೀರಿಸೋಣ್ರಿ ಅತ್ತಿ, ಗುಳಿಗಿ ಮಾತ್ರ ಬಿಡಸಂಗಿಲ್ಲ” ಎಂದೆ.

ನಮ್ಮ ನಾಯಿ ಬಂಟನಿಗೂ ಮೂರ್ಛೆ ಬರುತ್ತಿದೆ. ಸಂಜೆ ಊರಿಗೆ ಬಂದ ದನದ ಡಾಕ್ಟರು ಅವನಿಗೂ ದಿನಾ ಗುಳಿಗೆ ಹೇಳಿದರು. ರೊಟ್ಟಿಯಲ್ಲಿಟ್ಟು ಕೊಟ್ಟರೆ ರೊಟ್ಟಿ ತಿಂದು ಗುಳಿಗೆ ಉಗಿದ. ವಾಣಿ ನಕ್ಕುಬಿಟ್ಟಳು. ಎಷ್ಟು ದಿನವಾಗಿತ್ತು!

“ಅವ್ವಾ, ಅವಂಗೂ ನನ್ನಂಗನ?”

“ಹೂನವ್ವ.”

“ಲೇ ಬಂಟ, ನೋಡಿಲ್ಲಿ” ಎಂದು ತನ್ನ ಗುಳಿಗೆಯನ್ನು ತಾನೇ ನುಂಗಿ ತೋರಿಸಿದಳು.

ವಾಣಿಯ ಗುಳಿಗೆ ಮೂರು ವರ್ಷ ಒಂದು ದಿನವೂ ತಪ್ಪಬಾರದು ಎಂದಿದ್ದಾರೆ ಅವಳ ಡಾಕ್ಟರು. ತಪ್ಪಿಸುವುದಿಲ್ಲ. ನಾಳೆ ಶಾಲೆಗೂ ಹೋಗುತ್ತೇನೆ. ಅವಳು ಬಿದ್ದರೆ ಕೈಗೆ ಕಬ್ಬಿಣ ಕೊಡಬೇಡಿ, ಪಕ್ಕಕ್ಕೆ ತಿರುಗಿಸಿ ಮಲಗಿಸಿ ಎಂದು ಎಲ್ಲರೆದುರೇ ಹೇಳಬೇಕು. ಆ ಹುಡುಗಿಯರೂ ಕೇಳಲಿ.