ನಮ್ಮ ‘ಇನ್ನೂ ಗೊತ್ತಿಲ್ಲ’ ವಾಪಸ್ ಕೊಡಿ

ಅಭಿಪ್ರಾಯ ಸಮೀಕ್ಷಾ ಕೇಂದ್ರದ ನಿರ್ದೇಶಕರಿಗೆ, ಊರೆಲ್ಲ ಓದಲಿ ಎಂದೇ ಬರೆದದ್ದು.

ಮಾನ್ಯ ನಿರ್ದೇಶಕರೇ,

ನಮ್ಮ ಬೀದಿಯ ಹೆಂಗಸರು ಇನ್ನೂ ಯಾರಿಗೂ ಕೊಡದ ಓಟನ್ನು ಅವರ ಪರವಾಗಿ ನೀವೇ ಕೊಟ್ಟುಬಿಟ್ಟಿದ್ದೀರಿ. ಮತಗಟ್ಟೆಯ ಬಾಗಿಲು ತೆರೆಯುವ ಮೊದಲೇ ಟೀವಿಯಲ್ಲಿ ಬಣ್ಣಬಣ್ಣದ ನಕ್ಷೆ ಹಾಕಿ, ರೈಲು ಹಳಿಯ ಪಕ್ಕದ ನಮ್ಮ ಬಡಾವಣೆಯ ಮೇಲೆ ‘ಖಚಿತ’ ಎಂದು ಬರೆದಿರಿ. ಉಚಿತವಾಗಿ ಸಿಕ್ಕಿದ ಮಾತನ್ನು ಖಚಿತ ಮಾಡಿ ಮಾರುವುದು ಒಳ್ಳೆಯ ವ್ಯಾಪಾರವೇ ಸರಿ. ನಾನು ಬದುಕಿಡೀ ಬೋರ್ಡು ಬರೆದವನು. ಅಂಗಡಿಯ ಬೋರ್ಡು, ಬಸ್ಸಿನ ಬೋರ್ಡು, ಚುನಾವಣೆ ಬಂದರೆ ಎಲ್ಲ ಪಕ್ಷಗಳ ಗೋಡೆ ಬರಹ. ಬೆಳಿಗ್ಗೆ ಒಬ್ಬರಿಗೆ ಜಯವಾಗಲಿ ಎಂದು ಬರೆದ ಗೋಡೆಗೆ ಸಂಜೆ ಸುಣ್ಣ ಬಳಿದು ಇನ್ನೊಬ್ಬರನ್ನು ಗೆಲ್ಲಿಸಿದ್ದುಂಟು. ಆದರೆ ಗೋಡೆಯ ಯಜಮಾನನನ್ನು ಕೇಳದೆ ಒಂದು ಕೊಂಬನ್ನೂ, ಒಂದು ಸೊನ್ನೆಯನ್ನೂ ಬರೆದವನಲ್ಲ. ನೀವು ನಮ್ಮನ್ನು ಕೇಳಿದಿರಿ, ನಾವು ಉತ್ತರ ಹೇಳಿದೆವು. ಆಮೇಲೆ ಆ ಉತ್ತರಕ್ಕೆ ಸುಣ್ಣ ಬಳಿದು ನಿಮಗೆ ಬೇಕಾದ್ದನ್ನು ಬರೆದುಕೊಂಡಿರಿ. ನನ್ನ ದೂರು ಇಷ್ಟೇ. ಇಷ್ಟೇ ಎಂದೆ, ಆದರೆ ಇದು ಸಣ್ಣದಲ್ಲ.

ನಮ್ಮ ಬೀದಿ ಹಳಿಯ ಈಚೆ, ಗಾರ್ಮೆಂಟ್ಸ್ ಫ್ಯಾಕ್ಟರಿ ಹಳಿಯ ಆಚೆ. ರಸ್ತೆಯ ಮೇಲೆ ಹೋಗಬೇಕೆಂದರೆ ಊರೆಲ್ಲ ಸುತ್ತಿ ರೈಲ್ವೆ ಗೇಟಿನ ಹತ್ತಿರ ಹೋಗಬೇಕು. ಅಷ್ಟರಲ್ಲಿ ಶಿಫ್ಟಿನ ಗಂಟೆ ಹೊಡೆದು, ಅರ್ಧ ದಿನದ ಕೂಲಿಗೆ ಕತ್ತರಿ ಬಿದ್ದಿರುತ್ತದೆ. ಹಾಗಾಗಿ ಬೀದಿಯ ಹೆಂಗಸರೆಲ್ಲ ಊಟದ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು, ಸೀರೆ, ಚೂಡಿದಾರ ಎತ್ತಿ ಹಿಡಿದು, ಜಲ್ಲಿಕಲ್ಲಿನ ಮೇಲೆ ಕಾಲಿಟ್ಟು ಹಳಿ ದಾಟುತ್ತಾರೆ. ಅವರಲ್ಲಿ ನನ್ನ ಸೊಸೆಯೂ ಒಬ್ಬಳು. ಹೋದ ವರ್ಷ ಗುಂಡಿಯಕ್ಕ, ಅಂದರೆ ಅಂಗಿಗೆ ಗುಂಡಿ ಹಾಕುವ ವಿಭಾಗದಲ್ಲಿ ಕೆಲಸ ಮಾಡುವ ನಮ್ಮ ಎದುರು ಮನೆಯಾಕೆ, ಹಳಿಯ ನಡುವೆ ಚಪ್ಪಲಿ ಸಿಕ್ಕಿಸಿಕೊಂಡು ನಿಂತಳು. ಅತ್ತ ಗೂಡ್ಸ್ ರೈಲು ತಿರುವು ದಾಟಿ ಬಂದೇ ಬಿಟ್ಟಿತ್ತು. ಸೊಸೆ ಅವಳ ಜಡೆ ಹಿಡಿದು ಎಳೆದಳು. ಜೀವ ಉಳಿಯಿತು, ಚಪ್ಪಲಿ ಹೋಯಿತು. “ನನ್ನ ಜಡೆಗಿಂತ ಗಟ್ಟಿ ಸೇತುವೆ ಒಂದು ಬೇಕು ಕಣ್ರೇ” ಎಂದು ಗುಂಡಿಯಕ್ಕ ಮಾರನೆಯ ದಿನ ನಗುತ್ತಲೇ ಹೇಳಿದಳು.

ಅಂದಿನಿಂದ ನಮ್ಮ ಬೀದಿಗೆ ಬೇಕಾದದ್ದು ಒಂದೇ: ಹಳಿಯ ಮೇಲೊಂದು ಕಾಲುಸೇತುವೆ. ಕೇಳಿದ್ದಕ್ಕೆ ಒಂದು ಕಚೇರಿ ಇನ್ನೊಂದು ಕಚೇರಿಯ ಕಡೆ ಕೈ ತೋರಿಸಿತು, ಆ ಕಚೇರಿ ಮೊದಲನೆಯದರ ಕಡೆ ತೋರಿಸಿತು. ಅಷ್ಟರಲ್ಲಿ ಚುನಾವಣೆ ಬಂತು. ನನ್ನ ಬಣ್ಣದ ಡಬ್ಬಿಗಳ ಶೆಡ್ಡಿನಲ್ಲಿ ಹೆಂಗಸರೆಲ್ಲ ಸೇರಿದರು. ಸೊಸೆ ಎದ್ದು ನಿಂತು ಹೇಳಿದಳು:

“ನೋಡ್ರೇ, ಯಾರೇ ಬಂದು ಕೇಳಲಿ, ಒಂದೇ ಮಾತು. ‘ಇನ್ನೂ ಗೊತ್ತಿಲ್ಲ, ಯೋಚನೆ ಮಾಡ್ತಿದ್ದೀವಿ.’ ನಿಂತಿರೋ ಇಬ್ಬರಲ್ಲಿ ಸೇತುವೆ ಕಟ್ಟಿಸ್ತೀನಿ ಅಂತ ಎಲ್ಲರೆದುರು ಯಾರು ಸಹಿ ಹಾಕ್ತಾರೋ ನೋಡಿ, ಆಮೇಲೆ ಹೇಳೋಣ.”

“ಇಬ್ಬರೂ ಹಾಕಿದ್ರೆ?” ಎಂದಳು ಒಬ್ಬಳು.

“ಇಬ್ಬರು ಹಾಕಿದ್ರೆ ಎರಡು ಸೇತುವೆ. ಹೋಗೋಕೊಂದು, ಬರೋಕೊಂದು” ಎಂದೆ ನಾನು.

“ಮಾವ, ನೀವು ಸುಮ್ನಿರಿ” ಎಂದಳು ಸೊಸೆ. ಆದರೆ ನಕ್ಕಳು. ಆಗ ನಗುತ್ತಿದ್ದಳು.

ಆ ಒಪ್ಪಂದ ಕೆಲಸ ಮಾಡಿದ ಪರಿಯನ್ನು ನೀವು ನೋಡಬೇಕಿತ್ತು ನಿರ್ದೇಶಕರೇ. ನಮ್ಮ ಬೀದಿ ಹೇಗೆ ಗೊತ್ತೇ? ಒಂದು ಮನೆಯ ಮಾತು ಪಕ್ಕದ ಮನೆಗೆ ತಿಳಿಯದು, ಒಬ್ಬರ ದೇವರು ಇನ್ನೊಬ್ಬರ ಗೋಡೆಯ ಮೇಲಿಲ್ಲ. ಇಂಥ ಬೀದಿ ಒಟ್ಟಾಗಿ ಬಾಯಿ ಮುಚ್ಚಿಕೊಂಡಿತು ಎಂದರೆ ಎರಡೂ ಪಕ್ಷದವರಿಗೆ ತಲೆಯೊಳಗೆ ಹುಳ ಬಿಟ್ಟ ಹಾಗಾಯಿತು. ಈ ಕಡೆಯ ಅಭ್ಯರ್ಥಿ ಒಬ್ಬ ಇಂಜಿನಿಯರನ್ನು ಕಳಿಸಿ ಟೇಪು ಹಿಡಿಸಿದ. ಆ ಕಡೆಯವನು ನಕ್ಷೆ ತಂದ. ಈತ ಮೆಟ್ಟಿಲು ಎಂದ, ಆತ ಇಳಿಜಾರು ಎಂದ. ಈತ ಚಾವಣಿ ಸೇರಿಸಿದ, ಆತ ದೀಪ ಸೇರಿಸಿದ. ಇನ್ನೊಂದಿಷ್ಟು ದಿನ ಬಿಟ್ಟಿದ್ದರೆ ಸೇತುವೆಯ ಮೇಲೆ ಕುಳಿತುಕೊಳ್ಳಲು ಸೋಫಾ ಬರುತ್ತಿತ್ತೋ ಏನೋ. ಭಾನುವಾರ ಬೀದಿಗೇ ಬಂದು ಸಹಿ ಹಾಕುತ್ತೇವೆ ಎಂದು ಇಬ್ಬರೂ ಒಪ್ಪಿದರು.

ಅದಕ್ಕೆ ಮೊದಲು ಬಂದವರು ನಿಮ್ಮವರು.

ಬಂದದ್ದು ಒಬ್ಬ ಹುಡುಗಿ, ಕೈಯಲ್ಲಿ ಟ್ಯಾಬ್, ಬಿಸಿಲಿಗೆ ಕೆಂಪಾದ ಮುಖ. ಅವಳ ಮೇಲೆ ನನಗೆ ಸಿಟ್ಟಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ, ಅವಳ ಕೆಲಸಕ್ಕೆ ಕುತ್ತು ತರಬೇಡಿ. ಇವಳೂ ಯಾವುದೋ ಪಕ್ಷದವಳು ಎಂದುಕೊಂಡು ಹೆಂಗಸರು ಬಾಗಿಲು ಹಾಕಿಕೊಂಡರು. ನಾನು ಒಬ್ಬನೇ ಜಗಲಿಯ ಮೇಲೆ ಇದ್ದೆ.

“ತಾತ, ನಿಮ್ಮ ವಯಸ್ಸು?”

“ಮೀಸೇದೋ, ಮನಸ್ಸಿಂದೋ?”

“ಅಯ್ಯೋ ತಾತ, ಇದರಲ್ಲಿ ಒಂದೇ ಜಾಗ ಇರೋದು.”

“ಹಾಗಾದ್ರೆ ಮೀಸೇದೇ ಹಾಕಮ್ಮ, ಅದೇ ಜಾಸ್ತಿ.”

ನಕ್ಕಳು. ನೀರು ಕೇಳಿದಳು. ಕುಡಿದ ಮೇಲೆ ಹೇಳಿದಳು: “ತಾತ, ಯಾರೂ ಬಾಗಿಲು ತೆಗೀತಿಲ್ಲ. ನಾನು ಯಾವ ಪಕ್ಷದವಳೂ ಅಲ್ಲ. ಯಾರಿಗೆ ಅಂತ ಗೊತ್ತಿಲ್ಲದಿದ್ರೆ ‘ಗೊತ್ತಿಲ್ಲ’ ಅಂತ ಒತ್ತೋಕೂ ಜಾಗ ಇದೆ. ನೀವು ಏನು ಹೇಳ್ತೀರೋ ಅದೇ ಹೋಗುತ್ತೆ.”

ಆ ಮಾತು ನನಗೆ ಹಿಡಿಸಿತು. ಯಾರನ್ನಾದರೂ ಗೋಳು ಹೊಯ್ದುಕೊಳ್ಳದೆ ನನಗೆ ತಿಂದದ್ದು ಅರಗುವುದಿಲ್ಲ. ಬೀದಿಗೆ ಬಂದ ಸೋಪಿನವರನ್ನು, ವಿಮೆಯವರನ್ನು, ಮೀಟರಿನವರನ್ನು ಯಾರನ್ನೂ ಬಿಟ್ಟವನಲ್ಲ. ಆದರೆ ಅಂದು ಮನೆಮನೆಯ ಬಾಗಿಲು ತಟ್ಟಿ ನಾನೇ ಹೇಳಿದೆ: “ಬನ್ರಮ್ಮ, ತಮಾಷೆ ಮಾಡ್ತಿಲ್ಲ, ಆಣೆಗೂ ನಿಜ. ನಮಗಿನ್ನೂ ಗೊತ್ತಿಲ್ಲ ಅನ್ನೋದು ಊರಿಗೆಲ್ಲ ಗೊತ್ತಾಗಲಿ. ಇಡೀ ಬೀದಿ ಯೋಚನೆ ಮಾಡ್ತಿದೆ ಅಂತ ಟೀವೀಲಿ ಬಂದ್ರೆ ಇಬ್ಬರೂ ಓಡ್ಕೊಂಡು ಬರ್ತಾರೆ.”

“ಇದು ಬೇಕಾ ಮಾವ?” ಎಂದಳು ಸೊಸೆ.

“ನನ್ನ ಮಾತು ನಂಬು” ಎಂದೆ.

ನಂಬಿದಳು. ಎಲ್ಲರೂ ಸಾಲಾಗಿ ಬಂದು ‘ಇನ್ನೂ ಗೊತ್ತಿಲ್ಲ’ ಎಂದು ಹೇಳಿದರು. ಹುಡುಗಿ ಹಾಗೆಯೇ ಒತ್ತಿದಳು. ನಾನು ಅವಳ ಹೆಗಲ ಹಿಂದೆ ನಿಂತು ಕಣ್ಣಾರೆ ನೋಡಿದ್ದೇನೆ. ಇನ್ನಷ್ಟು ಪ್ರಶ್ನೆ ಕೇಳಿದಳು: ಮನೆಯಲ್ಲಿ ಆಡುವ ಮಾತು ಯಾವುದು, ನಂಬುವ ದೇವರು ಯಾವುದು, ಹಿರಿಯರು ಎಲ್ಲಿಂದ ಬಂದವರು. ಲೋಕಾಭಿರಾಮ ಎಂದುಕೊಂಡು ಎಲ್ಲರೂ ಹೇಳಿದರು.

ಶನಿವಾರ ಸಂಜೆ ಚಹಾ ಅಂಗಡಿಯ ಟೀವಿಯಲ್ಲಿ ನಿಮ್ಮ ನಕ್ಷೆ ಬಂತು. ನಮ್ಮ ಬಡಾವಣೆಗೆಲ್ಲ ಒಂದೇ ಬಣ್ಣ, ಈ ಕಡೆಯ ಪಕ್ಷದ್ದು, ಮೇಲೆ ‘ಖಚಿತ’. ‘ಇನ್ನೂ ಗೊತ್ತಿಲ್ಲ’ ಎಂಬುದಕ್ಕೆ ನಿಮ್ಮ ಪರದೆಯಲ್ಲಿ ಒಂದು ಬಣ್ಣವೂ ಇರಲಿಲ್ಲ. ಬಣ್ಣದ ಕೆಲಸದವನು ನಾನು, ನನ್ನನ್ನು ಕೇಳಿದ್ದರೆ ಒಂದು ಡಬ್ಬಿ ಬೂದು ಬಣ್ಣ ಕಳಿಸಿಕೊಡುತ್ತಿದ್ದೆ.

ಭಾನುವಾರ ನಾವು ಬೀದಿಯಲ್ಲಿ ಕುರ್ಚಿ ಹಾಕಿದೆವು. ಮೇಜಿನ ಮೇಲೆ ಬಟ್ಟೆ ಹಾಸಿ, ಎರಡು ಪೆನ್ನು ಇಟ್ಟೆವು. ಹೆಂಗಸರು ರಜೆಯ ದಿನದ ಒಗೆತ, ತೊಳೆತ ಬಿಟ್ಟು ಒಳ್ಳೆಯ ಬಟ್ಟೆ ಉಟ್ಟು ಕುಳಿತರು. ಬಿಸಿಲು ಕುರ್ಚಿಯಿಂದ ಕುರ್ಚಿಗೆ ಸರಿಯಿತು. ಯಾರೂ ಬರಲಿಲ್ಲ. ಕೊನೆಗೆ ನಾನು ಈ ಕಡೆಯ ಅಭ್ಯರ್ಥಿಯ ಬಲಗೈ ಬಂಟನಿಗೆ ಫೋನು ಮಾಡಿದೆ.

“ಏನ್ ತಾತ, ಸರ್ವೇ ನೋಡ್ಲಿಲ್ವಾ? ನಿಮ್ಮ ಬೀದಿ ನಮ್ಮದೇ ಅಂತ ಬಂದಿದೆ! ಮನೆಯವರ ಹತ್ರ ಯಾರಾದ್ರೂ ಕಾಗದಕ್ಕೆ ಸಹಿ ಹಾಕಿಸ್ಕೋತಾರಾ? ಗೆದ್ದಮೇಲೆ ನೋಡೋಣ ಬಿಡಿ.”

ಆ ಕಡೆಯ ಅಭ್ಯರ್ಥಿಯ ಬಂಟನಿಗೂ ಮಾಡಿದೆ. ಅವನ ಧ್ವನಿಯಲ್ಲಿ ನಿಜವಾದ ನೋವಿತ್ತು.

“ನಿಮ್ಮ ಇಳಿಜಾರಿನ ನಕ್ಷೆಗೆ ನಮ್ಮಣ್ಣ ಎಷ್ಟು ಓಡಾಡಿದ್ರು ಗೊತ್ತಾ ತಾತ? ಒಳಗೊಳಗೇ ಅವರ ಕಡೆ ಇದ್ಕೊಂಡು ನಮ್ಮನ್ನ ಯಾಕೆ ಕುಣಿಸಿದ್ರಿ? ಹಿರಿಯರು ನೀವು, ಇದು ಸರೀನಾ?”

ನೋಡಿದಿರಾ, ಒಬ್ಬನಿಗೆ ನಾವು ಗೆದ್ದ ಬೀದಿ, ಇನ್ನೊಬ್ಬನಿಗೆ ಸೋತ ಬೀದಿ. ಗೆದ್ದದ್ದಕ್ಕೆ ಯಾರು ಸೇತುವೆ ಕಟ್ಟುತ್ತಾರೆ, ಸೋತದ್ದಕ್ಕೆ ಯಾರು ಕಟ್ಟುತ್ತಾರೆ? ಗೆದ್ದೂ ಸೋತವರು, ಸೋತೂ ಸೋತವರು ಎಂದರೆ ನಾವೇ ಇರಬೇಕು.

ಸೋಮವಾರ ನಿಮ್ಮ ಕಚೇರಿಗೆ ಫೋನು ಮಾಡಿದೆ. ಎತ್ತಿದವನು ಬಹಳ ಮರ್ಯಾದೆಯ ಮನುಷ್ಯ. “ಸರ್, ನಿರ್ಧಾರ ಮಾಡದೇ ಇರೋರನ್ನ ಹಾಗೇ ಬಿಟ್ಟು ತೋರಿಸೋಕಾಗಲ್ಲ. ನೋಡೋರಿಗೆ ಬೇಜಾರಾಗುತ್ತೆ. ಅದಕ್ಕೆ ಅವರನ್ನ ಹಂಚ್ತೀವಿ” ಎಂದ.

“ಯಾವ ಲೆಕ್ಕದಲ್ಲಿ ಹಂಚ್ತೀರಪ್ಪ?”

“ಮನೆಮಾತು, ಧರ್ಮ, ಮೂಲ ಊರು. ಅಂಥವರು ಸಾಮಾನ್ಯವಾಗಿ ಯಾರಿಗೆ ಹಾಕ್ತಾರೋ ಅವರ ಕಡೆಗೆ ಸೇರಿಸ್ತೀವಿ ಸರ್. ಯಾರ ಕಡೆ ಹೆಚ್ಚು ಬಂತೋ ಬಡಾವಣೆಗೆಲ್ಲ ಅವರ ಬಣ್ಣ. ವೈಜ್ಞಾನಿಕ ವಿಧಾನ.”

“ನನ್ನ ಮಾತು ಒಂದು, ನನ್ನ ಹೆಂಡತಿ ಮಾತು ಇನ್ನೊಂದು, ಸೊಸೇದು ಮತ್ತೊಂದು. ನಮ್ಮನ್ನ ಎಲ್ಲಿಗೆ ಸೇರಿಸಿದ್ರಿ?”

“ಮನೆ ಯಜಮಾನರದ್ದು ತಗೋತೀವಿ ಸರ್.”

“ಯಜಮಾನ ಯಾರು ಅಂತ ನನ್ನ ಹೆಂಡತೀನ ಕೇಳಿದ್ರಾ?”

ಅವನು ನಕ್ಕ. ನಾನೂ ನಕ್ಕೆ, ಅಭ್ಯಾಸಬಲ. ಫೋನು ಇಟ್ಟ ಮೇಲೆ ಮಾತ್ರ ಬಾಯಿ ಕಹಿಯಾಯಿತು.

ನಿರ್ದೇಶಕರೇ, ನೀವು ಓದಿದವರು. ‘ಹಂಚಿಕೆ’ ಎಂದರೆ ಹಂಚುವುದೂ ಹೌದು, ಹೂಡುವ ಉಪಾಯವೂ ಹೌದು. ನೀವು ಒಂದೇ ಏಟಿಗೆ ಎರಡನ್ನೂ ಮಾಡಿದಿರಿ. ಮತ ಕೇಳುತ್ತೇವೆ ಎಂದು ಬಂದು, ಯಾವ ಮತದವರು ಎಂದು ನೋಡಿಕೊಂಡು ಹೋದಿರಿ. ಬಾಯಲ್ಲಿ ಹೇಳಿದ್ದನ್ನು ಬಿಟ್ಟು ಬಾಯಿಯ ಭಾಷೆಯನ್ನು ಲೆಕ್ಕಕ್ಕೆ ಹಿಡಿದಿರಿ. ಅಂಕೆಯಿಲ್ಲದ ಅಂಕಿ ಎಂದರೆ ಇದೇ. ಒಂದು ಪ್ರಶ್ನೆ ಕೇಳುತ್ತೇನೆ: ನಮ್ಮ ಮನೆಮಾತು ನೋಡಿಯೇ ನಮ್ಮ ಓಟು ಗೊತ್ತಾಗುವುದಾದರೆ, ಆ ಹುಡುಗಿಯನ್ನು ಬಿಸಿಲಲ್ಲಿ ಅಲೆಸಿದ್ದೇಕೆ? ಕಚೇರಿಯ ಫ್ಯಾನಿನ ಕೆಳಗೆ ಕುಳಿತೇ ನಮಗೆಲ್ಲ ಓಟು ಹಾಕಿಬಿಡಬಹುದಿತ್ತಲ್ಲ? ಚುನಾವಣೆಯನ್ನಾದರೂ ಏಕೆ ನಡೆಸಬೇಕು? ಜನಗಣತಿಯನ್ನೇ ಫಲಿತಾಂಶ ಎಂದು ಸಾರಿದರೆ ಬ್ಯಾನರು, ಮೈಕು, ನನ್ನಂಥವರ ಬಣ್ಣ ಎಲ್ಲ ಉಳಿತಾಯ.

‘ಇನ್ನೂ ಗೊತ್ತಿಲ್ಲ’ ಎಂಬುದನ್ನು ನೀವು ತೂತು ಎಂದುಕೊಂಡಿರಿ, ಏನಾದರೂ ತುರುಕಿ ಮುಚ್ಚಬೇಕಾದ ತೂತು. ಅದು ತೂತಾಗಿರಲಿಲ್ಲ ಸ್ವಾಮಿ. ನಾಲ್ಕಾರು ಮಾತಿನ, ನಾಲ್ಕಾರು ದೇವರ ಹೆಂಗಸರು ಜೀವನದಲ್ಲಿ ಮೊದಲ ಬಾರಿ ಕೂಡಿ ಆಡಿದ ಒಂದೇ ಮಾತು ಅದು. ಎರಡು ಕಡೆಯವರನ್ನೂ ಹಳಿಯ ತನಕ ಎಳೆದು ತಂದ ಹಗ್ಗ ಅದು. ಅದನ್ನು ನೀವು ಎಳೆ ಎಳೆಯಾಗಿ ಬಿಡಿಸಿ, ಇದು ಅವರ ಎಳೆ, ಇದು ಇವರ ಎಳೆ ಎಂದು ಗಂಟು ಕಟ್ಟಿ ಇಟ್ಟಿರಿ. ನಮ್ಮನ್ನು ಒಡೆಯಲು ಪಕ್ಷದವರು ಮಾಡಿದ ಪ್ರಯತ್ನ ಸಣ್ಣದಲ್ಲ, ಅವರಿಂದ ಆಗಲಿಲ್ಲ. ಯಾವ ಪಕ್ಷದಲ್ಲೂ ಇಲ್ಲದ ನಿಮ್ಮಿಂದ ಆಯಿತು. ಬೈಯಲು ಬಂದವನನ್ನು ಬೈದು ಕಳಿಸಬಹುದು. ಕೇಳಲು ಬಂದವನಿಗೆ ಏನು ಮಾಡುವುದು? ನಾವು ನೀರು ಕೊಟ್ಟು ಕೂರಿಸಿದೆವು.

ನಿನ್ನೆ ಗುಂಡಿಯಕ್ಕ ನನ್ನ ಮುಖ ನೋಡದೆ ಹೇಳಿದಳು: “ನಮ್ಮ ಓಟು ಅವರೇ ಹಾಕಿ ಆಯ್ತಲ್ಲ ತಾತ. ಇನ್ನು ನಾವ್ಯಾಕೆ ಸಾಲಲ್ಲಿ ನಿಲ್ಲೋದು? ಅವತ್ತು ಮನೇಲಿ ಮಲಗ್ತೀನಿ.” ಉಳಿದವರೂ ಹೂಂ ಎಂದರು. ಸೊಸೆ ಬೈದಿದ್ದರೆ ಚೆನ್ನಾಗಿತ್ತು. ಊಟ ಬಡಿಸುತ್ತಾಳೆ, ಬಟ್ಟೆ ಮಡಿಸಿಡುತ್ತಾಳೆ, ನನ್ನ ತಮಾಷೆಗೆ ಮಾತ್ರ ಕಿವಿ ಮುಚ್ಚಿಕೊಂಡಿದ್ದಾಳೆ.

ಆದ್ದರಿಂದ ನನ್ನ ಬೇಡಿಕೆ. ಮತದಾನಕ್ಕೆ ಮೊದಲು, ಅದೇ ಟೀವಿಯಲ್ಲಿ, ಅದೇ ಸಂಜೆಯ ಹೊತ್ತಿಗೆ, ‘ಖಚಿತ’ ಎಂದು ಬರೆದಷ್ಟೇ ದಪ್ಪ ಅಕ್ಷರದಲ್ಲಿ ಹೇಳಿ: ಹಳಿಯ ಪಕ್ಕದ ಬಡಾವಣೆಯವರು ‘ಇನ್ನೂ ಗೊತ್ತಿಲ್ಲ’ ಎಂದಿದ್ದರು, ಉಳಿದದ್ದನ್ನು ನಾವು ಬರೆದುಕೊಂಡೆವು ಎಂದು. ಕ್ಷಮೆ ಬೇಡ, ಅದನ್ನು ಇಟ್ಟುಕೊಳ್ಳಲು ನಮ್ಮ ಮನೆಗಳಲ್ಲಿ ಜಾಗವಿಲ್ಲ. ನಾವು ಹೇಳಿದ ಮಾತು ನಮಗೆ ವಾಪಸ್ ಬೇಕು, ಅಷ್ಟೇ. ಅದು ಬಂದರೆ ಆ ಇಬ್ಬರೂ ಮತ್ತೆ ಬಂದಾರು. ಮೇಜು, ಪೆನ್ನು ನಾವು ಇನ್ನೂ ಒಳಗಿಟ್ಟಿಲ್ಲ. ಮುಂದೆ ಯಾವ ಬೀದಿಗೆ ಹೋದರೂ, ಬಾಗಿಲಲ್ಲೇ ನಿಂತು ಹೇಳಿ: ನೀವು ಏನೂ ಹೇಳದಿದ್ದರೂ ನಿಮ್ಮ ಪರವಾಗಿ ನಾವು ಹೇಳುತ್ತೇವೆ ಎಂದು. ಆಮೇಲೆ ಯಾರು ನೀರು ಕೊಡುತ್ತಾರೋ ನೋಡೋಣ.

ಅಲ್ಲಿಯವರೆಗೆ ಬೆಳಗಿನ ಶಿಫ್ಟಿಗೆ ಅವರು ಹೊರಟಾಗ ನಾನೂ ಹಳಿಯ ತನಕ ಹೋಗುತ್ತಿದ್ದೇನೆ. ಕಾವಲಿಗೆಂದು ಹೇಳಿಕೊಳ್ಳುತ್ತೇನೆ, ಆದರೆ ನನಗೆ ಕಿವಿ ಮಂದ. ಹಾಗಾಗಿ ಸೊಸೆಯೇ ನನ್ನ ತೋಳು ಹಿಡಿದು ನಿಲ್ಲಿಸುತ್ತಾಳೆ. “ಮಾವ, ನಿಲ್ಲಿ. ರೈಲು ಬರ್ತಿದೆ.” ಈಗ ಅವಳು ನನ್ನೊಡನೆ ಆಡುವ ಮಾತು ಅದೊಂದೇ.

ಇಂತಿ,
ನಿಮ್ಮ ಲೆಕ್ಕದಲ್ಲಿ ಹಂಚಿಹೋದ, ಮನೆಯ ಲೆಕ್ಕದಲ್ಲಿ ಯಜಮಾನನೂ ಅಲ್ಲದ
ಬೋರ್ಡು ತಾತ