ನೀನು ಕಲಿಸಿದ ಮಾತು

ಮಾರ್ಚ್ ೧೪, ಶುಕ್ರವಾರ

ನನ್ನ ಪುಟ್ಟಿಗೆ,

ಅಮ್ಮನ ಆಶೀರ್ವಾದ. ನಾನು ಕ್ಷೇಮ ಅಂತ ಬರೆದರೆ ನೀನು ನಂಬುವುದಿಲ್ಲ, ಆದರೂ ಬರೆದಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಕೊಡಲಿಲ್ಲ, ಬೈಯಬೇಡ. ಐದನೇ ಕ್ಲಾಸಿಗೇ ಬಿಟ್ಟವಳು, ಒಂದು ಸಾಲಿಗೆ ಮೂರು ಸಲ ಹೊಡೆದು ಹಾಕುತ್ತೇನೆ. ಹಾಸ್ಟೆಲಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ, ನೆಗಡಿ ಹೋಯಿತೋ ಇಲ್ಲವೋ, ಅದೇ ಯೋಚನೆ.

ನಿಮ್ಮಪ್ಪ ತೀರಿಕೊಂಡಿದ್ದರ ಬಗ್ಗೆ ಕಾರ್ಖಾನೆಯವರ ವಿಚಾರಣೆ ಏನಾಯಿತು ಅಂತ ಕೇಳಿದ್ದೀಯ. ಮುಗಿಯಿತು.

ಹತಾಶೆ ಅನ್ನುವ ಮಾತು ನೆನಪಿದೆಯಾ? ನೀನು ಪಾಠ ಓದುವಾಗ ಅದೇನೇ ಅಂತ ನಾನು ಕೇಳಿದ್ದೆ. ಬೇಕಾದ್ದಕ್ಕೆ ಕೈ ಚಾಚಿ ಚಾಚಿ, ಸಿಗದೆ, ಒಳಗೊಳಗೇ ಕುದಿಯೋದು ಅಂತ ನೀನು ಹೇಳಿಕೊಟ್ಟೆ. ಆಮೇಲೆ ನನಗೆ ಎಲ್ಲದಕ್ಕೂ ಅದೇ. ಸ್ಟವ್ ಹತ್ತದಿದ್ದರೂ ಹತಾಶೆ, ಬಸ್ಸು ನಿಲ್ಲಿಸದಿದ್ದರೂ ಹತಾಶೆ. "ನಿಮ್ಮಮ್ಮಂಗೆ ಸೂಜಿಗೆ ದಾರ ಹೋಗ್ದಿದ್ರೂ ಹತಾಶೆ ಕಣೇ," ಅಂತ ನಿಮ್ಮಪ್ಪ ಆಡಿಕೊಳ್ಳುತ್ತಿದ್ದರು.

ವಿಚಾರಣೆಯ ಸಾಹೇಬರು ಕುರ್ಚಿ ಕೊಟ್ಟು ಮರ್ಯಾದೆಯಿಂದಲೇ ಕೇಳಿದರು, ಈಚೆಗೆ ನಿಮ್ಮ ಯಜಮಾನರು ಹೇಗಿದ್ದರು ಅಂತ. ಮಂಡಿ ನೋವು, ಬಣ್ಣದ ತೊಟ್ಟಿಯ ಏಣಿ ಹತ್ತಲು ಆಗುವುದಿಲ್ಲ, ಕೆಳಗಿನ ಕೆಲಸ ಕೊಡಿ ಅಂತ ಮೂರು ಸಲ ಅರ್ಜಿ ಕೊಟ್ಟಿದ್ದರಲ್ಲ, ಅದನ್ನು ಹೇಳಿ, "ಅವ್ರಿಗೆ ತುಂಬಾ ಹತಾಶೆ ಇತ್ತು ಸಾರ್," ಅಂದೆ. ಅವರು ಪೆನ್ನು ನಿಲ್ಲಿಸಿ ತಲೆಯೆತ್ತಿದರು. ಈ ಮಾತು ನೀವೇ ಹೇಳುತ್ತಿದ್ದೀರಾ ಅಂದರು. ಹೌದು ಸಾರ್, ಮಗಳು ಕಲಿಸಿದ್ದು ಅಂದೆ. ಪುಟ್ಟೀ, ಆಗ ನನಗೆ ಸ್ವಲ್ಪ ಹೆಮ್ಮೆಯೂ ಆಯಿತು. ಸಹಿ ಹಾಕಿದೆ.

ನಿನ್ನೆ ವರದಿ ಬಂತು. ಏಣಿಯಲ್ಲಿ ದೋಷವಿಲ್ಲ, ಹತಾಶೆಯಿಂದ ತಾವಾಗಿಯೇ ತೊಟ್ಟಿಗೆ ಹಾರಿದ್ದಾರೆ, ಹೆಂಡತಿಯ ಹೇಳಿಕೆಯೇ ಸಾಕ್ಷಿ ಅಂತಿದೆ. ಓಡಿಹೋಗಿ ಹಾಗಲ್ಲ ಸಾರ್ ಅಂದೆ. "ಮಾತು ನಿಮ್ದೇ, ಸಹಿನೂ ನಿಮ್ದೇ ಅಲ್ವೇನಮ್ಮಾ," ಅಂದರು. ಮಾತು ಸುಳ್ಳೂ ಅಲ್ಲ. ಆದರೆ ಸಾಯಲು ಹೊರಟವರು, ಸಂಜೆ ಬರುವಾಗ ಹೊಲಿಸಿ ತರುತ್ತೇನೆ ಅಂತ ಹೆಂಡತಿಯ ಕಿತ್ತ ಚಪ್ಪಲಿಯನ್ನು ಚೀಲಕ್ಕೆ ಹಾಕಿಕೊಂಡು ಹೋಗುತ್ತಾರಾ?

ನೀನು ಆ ವರದಿ ನಂಬಬೇಡ. ಮಾತು ಕಲಿಸಿದ್ದು ತಪ್ಪು ಅಂತಲೂ ಅಂದುಕೊಳ್ಳಬೇಡ. ಚೆನ್ನಾಗಿ ಓದು. ಎಲ್ಲಿ ನಿಂತರೂ ನಿನ್ನ ಕಾಲ ಕೆಳಗೆ ಗಟ್ಟಿ ನೆಲವಿರಲಿ.

ನಿನ್ನ ಅಮ್ಮ

ಇನ್ನೊಂದು ಇದೆ. ಅವತ್ತು ಬೆಳಿಗ್ಗೆ ನಿಮ್ಮಪ್ಪ, ತೊಟ್ಟಿಯ ಏಣಿಯ ಒಂದು ಮೆಟ್ಟಿಲು ಅಲ್ಲಾಡುತ್ತೆ, ಬಿಗಿಯೋಕೆ ತಂತಿ ಇದೆಯೇನೇ ಅಂದರು. ನನಗೆ ಕೆಲಸಕ್ಕೆ ಹೊತ್ತಾಗಿತ್ತು, ನಾಳೆ ಹುಡುಕಿ ಕೊಡ್ತೀನಿ ಅಂದುಬಿಟ್ಟೆ. ಸಾಹೇಬರ ಮುಂದೆ ಅದನ್ನು ಹೇಳಲಿಲ್ಲ. ಮರೆತಿರಲಿಲ್ಲ ಪುಟ್ಟೀ. ತಂತಿ ಬಾಗಿಲ ಹಿಂದಿನ ಮೊಳೆಯಲ್ಲೇ ಇದೆ.