ಎರಡೇ ತಂತಿ

೧೪ ಮಾರ್ಚ್

ಪ್ರೀತಿಯ ಅಣ್ಣನಿಗೆ,

ನಿನ್ನ ತಮ್ಮ ಗಡಿಬಿಡಿಯ ನಮಸ್ಕಾರಗಳು. ಕಾಗದ ತಡವಾಯಿತು, ಬೈಯಬೇಡ. ಮೂರು ಸಲ ಬರೆಯಲು ಕೂತು ಮೂರು ಸಲವೂ ಎದ್ದುಹೋದೆ. ನಿನ್ನ ಕಣ್ಣಿನ ಪೊರೆ ತೆಗೆಸುವವರೆಗೆ ಅತ್ತಿಗೆಯೇ ಓದಿ ಹೇಳಬೇಕಲ್ಲ, ಅದಕ್ಕೇ ನನ್ನ ಕೋಳಿಕಾಲಿನ ಅಕ್ಷರವನ್ನು ಆದಷ್ಟು ದುಂಡಗೆ ಮಾಡಿದ್ದೇನೆ.

ಮೊದಲು ನೀನು ಕಾಯುತ್ತಿರುವ ಸುದ್ದಿ. ನಿನ್ನ ಉಪಗ್ರಹಕ್ಕೆ ಇಂಧನ ತುಂಬಲು ಆಗಲಿಲ್ಲ.

ಎರಡು ವರ್ಷ ನಾನು ಮಾಡಿದ್ದು ಅದೊಂದೇ ಕೆಲಸ. ನಮ್ಮ ರಿಪೇರಿ ನೌಕೆ ಯಾವ ದಿನ ಹೊರಡಬೇಕು, ಎಷ್ಟು ದೂರದಲ್ಲಿ ನಿಂತು ಕಾಯಬೇಕು, ಯಂತ್ರದ ಕೈಯನ್ನು ಯಾವ ಕಡೆಯಿಂದ ಚಾಚಬೇಕು ಎಂದು ನಿಮಿಷ ನಿಮಿಷವನ್ನೂ ಬರೆದಿಟ್ಟಿದ್ದೆ. ಹದಿನೆಂಟು ವರ್ಷದ ಹಿಂದೆ ನೀನು ಅದರ ಇಂಧನದ ಮುಚ್ಚಳ ಬಿಗಿದು, ಅಲುಗಾಡದಂತೆ ತಂತಿ ಸುತ್ತಿದಾಗ, ಯಾರೋ ಮೇಲೆ ಹೋಗಿ ಅದನ್ನು ಬಿಚ್ಚುವ ಕಾಲ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಬಿಚ್ಚಲು ಹೊರಟವನು ನಾನೇ ಎಂದು ತಿಳಿದಾಗ ನೀನು ಎಷ್ಟು ನಕ್ಕೆ. "ಲೋ ಗಡಿಬಿಡಿ, ನಾನ್ ಕಟ್ಟಿದ್ದು ಅಷ್ಟು ಸುಲಭಕ್ಕೆ ಬಿಚ್ಚಲ್ಲ ಕಣೋ" ಅಂದೆ. ನನ್ನ ಬೂಟಿನ ದಾರಕ್ಕೆ ಎರಡು ಗಂಟು ಸಾಲದೆಂದು ಮೂರನೆಯದು ಬಿಗಿದು ಶಾಲೆಗೆ ಕಳಿಸುತ್ತಿದ್ದವನಲ್ಲವೇ ನೀನು. ಸಂಜೆ ಬಿಚ್ಚಲಾಗದೆ ಬೂಟು ಹಾಕಿಕೊಂಡೇ ಊಟಕ್ಕೆ ಕೂತಿದ್ದೇನೆ.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ನೌಕೆ ಅದರ ಪಕ್ಕಕ್ಕೆ ಹೋಗಿ ಹಿಡಿದುಕೊಂಡಿತು. ಪರದೆಯ ಮೇಲೆ ನಿನ್ನ ಕೈಕೆಲಸ ಕಂಡಿತು. "ಯಾರ್ ಸಾರ್ ಇದನ್ನ ಸುತ್ತಿದ್ದು, ಜಡೆ ಹೆಣೆದಂಗಿದೆ" ಅಂದಳು ಯಂತ್ರದ ಕೈ ನಡೆಸುವ ಹುಡುಗಿ. ನಮ್ಮಣ್ಣ ಎಂದೆ. ಹೇಳುವಾಗ ಹೆಮ್ಮೆಯಾಯಿತು. ಎರಡೂ ತಂತಿ ಸಲೀಸಾಗಿ ತುಂಡಾದವು. ಮುಚ್ಚಳ ಮಾತ್ರ ತಿರುಗಲಿಲ್ಲ.

ನಾಲ್ಕು ಗಂಟೆ ಹೊತ್ತು ಹನ್ನೊಂದು ಜನ ಪರದೆ ನೋಡುತ್ತ ಕೂತೆವು. ಕಣ್ಣೆದುರಿಗೇ ಇದೆ, ಕೈಯಿಟ್ಟು ಮುಟ್ಟಲು ಯಾರಿಂದಲೂ ಆಗದು. ಕೊನೆಗೆ ಮುಖ್ಯಸ್ಥರು, "ಬಿಟ್ಬಿಡಿ, ಇನ್ನೂ ಕಾದ್ರೆ ಮುಂದಿನ ಉಪಗ್ರಹಾನೂ ಕೈತಪ್ಪುತ್ತೆ" ಅಂದರು. ಹಿಡಿತ ಸಡಿಲಿಸುವ ಆದೇಶವನ್ನು ನಾನೇ ಓದಬೇಕಾಯಿತು. ನೌಕೆ ಆಗಲೇ ಮುಂದಿನದರ ದಾರಿ ಹಿಡಿದಿದೆ, ಹಿಂದಿರುಗಿ ಬರುವಷ್ಟು ಇಂಧನ ಅದರಲ್ಲಿಲ್ಲ. ನಿನ್ನದು ಇನ್ನು ಏಳು ತಿಂಗಳು ಆಳಸಮುದ್ರದ ದೋಣಿಗಳ ಕರೆಯನ್ನು ದಡಕ್ಕೆ ಮುಟ್ಟಿಸುತ್ತದೆ. ಆಮೇಲೆ ಆರಿಸಿಬಿಡುತ್ತಾರೆ.

ತಪ್ಪು ಯಂತ್ರದ ಕೈಯದು, ಅದರ ಹಿಡಿತ ಸಾಲಲಿಲ್ಲ. ನಿನ್ನ ಕೆಲಸದಲ್ಲಿ ಎಳ್ಳಷ್ಟೂ ಐಬಿಲ್ಲವೆಂದು ಎಲ್ಲರೂ ಹೇಳಿದರು.

ನನಗೆ ಬೆನ್ನುನೋವು ಬಿಟ್ಟರೆ ಬೇರೇನಿಲ್ಲ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಮಾತ್ರೆ ತಪ್ಪಿಸಬೇಡ, ಒಬ್ಬನೇ ಹೊರಗೆ ಹೊರಡಬೇಡ. ಅತ್ತಿಗೆಯ ಮಾತು ಕೇಳು.

ನಿನ್ನ ಕೈ ನನ್ನ ತಲೆಯ ಮೇಲಿದ್ದರೆ ಸಾಕು.

ನಿನ್ನ ತಮ್ಮ,
ಗಡಿಬಿಡಿ

ವಿ.ಸೂ.: ಅತ್ತಿಗೆ, ಇದನ್ನು ಅವನಿಗೆ ಓದಿ ಹೇಳಬೇಡಿ. ತಂತಿ ಮೂರಿದ್ದವು. ಮೂರನೆಯದು ಮುಚ್ಚಳದ ಹಿಂದಿತ್ತು, ನಕ್ಷೆಯಲ್ಲೂ ಇರಲಿಲ್ಲ. ಅಲ್ಲಿಗೆ ತಲುಪುವಂಥ ಮೂತಿ ಬಾಗಿದ ಕತ್ತರಿ ನಮ್ಮ ಹತ್ತಿರ ಇತ್ತು. ಯಾವುದಕ್ಕೂ ಇರಲೆಂದು ನೌಕೆಯಲ್ಲಿ ಕಳಿಸೋಣವೇ ಎಂದು ಕೇಳಿದ್ದರು. ಬೇಡ, ಎರಡೇ ಎಂದು ಕಟ್ಟಿದವನೇ ಹೇಳಿದ್ದಾನೆ ಎಂದೆ. ಅವನು ಹೇಳಿದ್ದು ನಿಜ. ಫೋನಿನಲ್ಲಿ ಕೇಳಿದಾಗ "ಎರಡೇ ಕಣೋ, ನಂಗೊತ್ತಿಲ್ವಾ" ಅಂದ. ಅದರ ಬೆನ್ನಲ್ಲೇ, "ನಿನ್ ಹೆಂಡ್ತಿ ಹೇಗಿದಾಳೆ, ಫೋನ್ ಕೊಡು ಅವಳಿಗೆ" ಅಂದ. ಅವಳು ತೀರಿಹೋಗಿ ಆಗಲೇ ಒಂದು ವರ್ಷವಾಗಿತ್ತು. ಹೋದ ದಿನ ಬೆಳಗಿನಿಂದ ಸಂಜೆಯವರೆಗೆ ನನ್ನ ಕೈ ಬಿಡದೆ ಕೂತಿದ್ದವನು ಅವನೇ. ನನಗೆ ಆಗಲೇ ತಿಳಿಯಿತು ಅತ್ತಿಗೆ. ಆದರೂ, ಅಂಗಡಿಗೆ ಹೋಗಿದ್ದಾಳೆ ಅಣ್ಣ ಎಂದು ಹೇಳಿ ಫೋನಿಟ್ಟು, ಯೋಜನೆಯಲ್ಲಿ ಎರಡು ಎಂದು ಬರೆದೆ.